ದುಬೈ ಪಗಾರ, ಸೇಡಂ ಪಗಾರ

ತಮ್ಮಾ, ಗಣಿತದಲ್ಲಿ ಬಿ.ಎಸ್ಸಿ. ಮಾಡಿ, ಬಿ.ಎಡ್. ಮುಗಿಸಿ, ಟಿಇಟಿಯೂ ಪಾಸಾಗಿ ಮನೆಯಲ್ಲಿ ಕೂತಿರುವ ನಿನಗೆ ಈ ಊರಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಒಬ್ಬ ದುಬೈಗೆ ಹೋಗು ಅನ್ನುತ್ತಾನೆ. ಇನ್ನೊಬ್ಬ ಸರ್ಕಾರಿ ನೌಕರಿ ಕರೆಯುವವರೆಗೆ ಕಾಯಿ ಅನ್ನುತ್ತಾನೆ. ಮತ್ತೊಬ್ಬ ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆದಾರನ ಹತ್ತಿರ ಲೆಕ್ಕ ಬರೆಯಲು ಸೇರಿಕೊ ಅನ್ನುತ್ತಾನೆ. ಅವರ ಜೊತೆ ನಾನೂ ಒಬ್ಬ ಅಂತ ತಿಳಿ. ಬಾಳ ವರ್ಷ ಕರಿಹಲಗೆಯ ಮುಂದೆ ನಿಂತವನು, ಅದಕ್ಕೆ ಬುದ್ಧಿವಾದಕ್ಕಿಂತ ಮೊದಲು ಲೆಕ್ಕ ಹಾಕೋಣ.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನಿಗೆ 2025–26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ತಿಂಗಳಿಗೆ 12,000 ಆಯಿತು. ಬ್ಯಾಸಿಗಿ ರಜೆಗೆ ಗೌರವಧನ ಇಲ್ಲ. ವರ್ಷಕ್ಕೆ ಹತ್ತು ತಿಂಗಳು ಅಂತ ಹಿಡಿದರೆ 1,20,000. ಈಗ ಬೆಂಗಳೂರಿಗೆ ಬಾ. ಅಲ್ಲಿಯ ಇಂಟರ್‌ನ್ಯಾಷನಲ್ ಶಾಲೆಗೆ ಹೊರದೇಶದಿಂದ ಗಣಿತ ಕಲಿಸಲು ಒಬ್ಬ ಬರುತ್ತಾನೆ ಅನ್ನು. ಭಾರತದ ಎಂಪ್ಲಾಯ್‌ಮೆಂಟ್ ವೀಸಾದ ನಿಯಮದಂತೆ ಅವನ ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿ ಮೀರಿರಬೇಕು. ಅಂದರೆ ತಿಂಗಳಿಗೆ 1,35,000ಕ್ಕೂ ಮೇಲೆ. ಅವನ ಒಂದು ತಿಂಗಳ ಪಗಾರ ನಮ್ಮ ಅತಿಥಿ ಶಿಕ್ಷಕನ ಇಡೀ ವರ್ಷದ ದುಡಿಮೆಗಿಂತ ಹೆಚ್ಚು! ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಲು ಬರುವವರಿಗೂ, ತಮ್ಮ ದೇಶದ ಅಡುಗೆ ಮಾಡಲು ಬರುವ ಬಾಣಸಿಗರಿಗೂ ಈ ಮಿತಿ ಇಲ್ಲ. ನಿಯಮ ಬರೆದವರ ಕಣ್ಣಿಗೆ ಫ್ರೆಂಚ್ ಮೇಷ್ಟ್ರೂ ಅಡುಗೆಯವನೂ ಒಂದೇ ಸಾಲಿನವರು. ಇರಲಿ.

ಪಗಾರದ ಈ ಅಂತರ ಕೇಳಿ ನಿನ್ನ ಮೈ ಉರಿಯಬಹುದು, ಆದರೆ ಆ ಹೊರದೇಶದ ಮೇಷ್ಟ್ರ ಮೇಲೆ ಸಿಟ್ಟಾಗಬೇಡ. ಇಲ್ಲಿಯವರು ಮಾಡಬಹುದಾದ ಕೆಲಸಕ್ಕೆ ಅಗ್ಗದ ದರದಲ್ಲಿ ಹೊರಗಿನವರನ್ನು ತರಬಾರದು ಅಂತಲೇ ಆ ಮಿತಿ ಇಟ್ಟಿರುವುದು. ಎಲ್ಲ ದೇಶಗಳೂ ಒಂದಲ್ಲ ಒಂದು ಬಗೆಯಲ್ಲಿ ಹೀಗೆ ಬೇಲಿ ಹಾಕಿಕೊಳ್ಳುತ್ತವೆ. ನಮ್ಮ ಭಾಗದವರಿಗೆ ಇದು ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ ಹೊರಗಿನಿಂದ ಬಂದ ಗೈರ್‌ಮುಲ್ಕಿಗಳೇ ನೌಕರಿ ಹಿಡಿಯುತ್ತಾರೆ ಅಂತ ದೂರು ಬೆಳೆದು, 1919ರಲ್ಲಿ ಮುಲ್ಕಿ ನಿಯಮ ಬಂತು. ಸಂಸ್ಥಾನದಲ್ಲಿ ಹದಿನೈದು ವರ್ಷ ನೆಲೆಸಿದವನಿಗೆ ಮಾತ್ರ ಸರ್ಕಾರಿ ಕೆಲಸ ಅಂತ ಆಯಿತು. 1952ರಲ್ಲಿ ನಮ್ಮ ಸೇಡಂ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ವಾರಂಗಲ್ ಕಡೆ ಹೊರಗಿನವರನ್ನು ಶಿಕ್ಷಕರನ್ನಾಗಿ ನೇಮಿಸಿದರು ಅನ್ನುವುದರಿಂದಲೇ ಮುಲ್ಕಿ ಚಳವಳಿ ಹೊತ್ತಿಕೊಂಡಿತು. ಆ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಗೋಲಿಬಾರ್ ಆಗುವ ತನಕ ಹೋಯಿತು. ಮೇಷ್ಟ್ರ ನೌಕರಿ ಯಾರಿಗೆ ಅನ್ನುವ ಪ್ರಶ್ನೆಗೆ ಇಷ್ಟು ಕಾವಿರುತ್ತದೆ. ನಾಳೆ ನೀನು ಇನ್ನೊಂದು ದೇಶಕ್ಕೆ ಹೋದರೆ ಅಲ್ಲಿ ಗೈರ್‌ಮುಲ್ಕಿ ನೀನೇ. ಅದನ್ನು ತಿಳಿದುಕೊಂಡೇ ಹೋಗಬೇಕು.

ಹಾಗಾದರೆ ಹೊರಗಿನವನಿಗೆ ಯಾರು, ಯಾವಾಗ ಚೆನ್ನಾಗಿ ರೊಕ್ಕ ಕೊಡುತ್ತಾರೆ? ತಮ್ಮಲ್ಲಿ ಆ ವಿದ್ಯೆಯವರು ಇಲ್ಲದಾಗ. ಭೂತಾನ್ ನೋಡು. ಅಲ್ಲಿಯ ಶಿಕ್ಷಕರು ಕೆಲವು ವರ್ಷಗಳಿಂದ ದೊಡ್ಡ ಸಂಖ್ಯೆಯಲ್ಲಿ ರಾಜೀನಾಮೆ ಕೊಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಆ ಖಾಲಿ ಜಾಗಕ್ಕೆ ಭಾರತ ಸರ್ಕಾರದ ಉದ್ಯಮವಾದ ಎಡ್‌ಸಿಲ್ 2024ರ ಆರಂಭದಲ್ಲಿ 100 ಸ್ನಾತಕೋತ್ತರ ಶಿಕ್ಷಕರನ್ನು ಕರೆಯಿತು. ವಿಷಯಗಳು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್ ಸೈನ್ಸ್. ಪಗಾರ ತಿಂಗಳಿಗೆ 1,40,000 ರೂಪಾಯಿ. ಭೂತಾನಿಗಳು ಆಸ್ಟ್ರೇಲಿಯಾಕ್ಕೆ, ಅವರ ಕುರ್ಚಿಗೆ ನಮ್ಮವರು. ಆದರೆ ಆ ಕೆಲಸಕ್ಕೆ ಎಂ.ಎಸ್ಸಿ. ಬೇಕಿತ್ತು, ಅದರ ಮೇಲೆ ಬಿ.ಎಡ್. ಬೇಕಿತ್ತು. ನಿನ್ನ ಹತ್ತಿರ ಬಿ.ಎಸ್ಸಿ. ಇದೆ. ಎಂ.ಎಸ್ಸಿ.ಯ ಎರಡು ವರ್ಷ ಕಲಬುರಗಿಯಲ್ಲೇ ಮುಗಿಯುತ್ತದೆ, ಗುಲಬರ್ಗಾ ವಿಶ್ವವಿದ್ಯಾಲಯವೋ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೋ. ನಾನು ನಿನ್ನ ಜಾಗದಲ್ಲಿ ಇದ್ದಿದ್ದರೆ ಪಾಸ್‌ಪೋರ್ಟಿಗಿಂತ ಮೊದಲು ಆ ಅರ್ಜಿ ತುಂಬುತ್ತಿದ್ದೆ.

ಇನ್ನು ದುಬೈ. ಅಲ್ಲಿ ಶಾಲೆ ಅಂದರೆ ಒಂದೇ ಬಗೆಯದಲ್ಲ. ಬ್ರಿಟಿಷ್ ಪಠ್ಯಕ್ರಮದ ಶಾಲೆ ಬೇರೆ, ನಮ್ಮ ಸಿಬಿಎಸ್‌ಇ ಶಾಲೆ ಬೇರೆ. ಎರಡರ ಶುಲ್ಕ ಬೇರೆ, ಅದಕ್ಕೆ ಪಗಾರವೂ ಬೇರೆ. ಲಂಡನ್ನಿನಿಂದ ಬಂದವನಿಗೆ ಮನೆ, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್, ವಿಮೆ ಎಲ್ಲ ಸೇರಿಸಿ ಕೊಡುತ್ತಾರೆ. ಸಿಬಿಎಸ್‌ಇ ಶಾಲೆಗೆ ಹೋಗುವ ನಿನ್ನಂಥ ಹುಡುಗನಿಗೆ ಮೂರು, ನಾಲ್ಕು, ಜಾಸ್ತಿ ಅಂದರೆ ಐದಾರು ಸಾವಿರ ದಿರ್ಹಮ್ ಅನ್ನುವುದು ಸಾಮಾನ್ಯ ಮಾತು. ನಾಲ್ಕು ಸಾವಿರ ದಿರ್ಹಮ್ ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಅಂತ ಇಲ್ಲಿ ಚಹಾದ ಅಂಗಡಿಯಲ್ಲಿ ಕೂತು ಗುಣಿಸುವುದು ಸುಲಭ. ಆದರೆ ಖರ್ಚೂ ದಿರ್ಹಮಿನಲ್ಲೇ ಆಗುತ್ತದೆ. ಶಾಲೆ ಮನೆ ಕೊಡದಿದ್ದರೆ ನಾಲ್ಕು ಮಂದಿಯ ಕೋಣೆಯಲ್ಲಿ ಒಂದು ಮಂಚ ಸಿಗುತ್ತದೆ, ಅದಕ್ಕೂ ಬಾಡಿಗೆ. ಒಬ್ಬನೇ ಇದ್ದು, ಊಟ ತಾನೇ ಮಾಡಿಕೊಂಡರೆ ಅರ್ಧ ಉಳಿಯಬಹುದು. ಸಂಸಾರ ಕರೆದೊಯ್ದರೆ ಉಳಿಯುವುದು ಕಷ್ಟ.

ಕರಾರಿನಲ್ಲಿ ಒಟ್ಟು ಪಗಾರ ನೋಡಿ ಕಣ್ಣು ಮುಚ್ಚಬೇಡ. ಮೂಲ ವೇತನ, ಅಂದರೆ ಬೇಸಿಕ್ ಎಷ್ಟು ಅಂತ ಕೇಳು. ಅಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ನಾಲ್ಕು ಸಾವಿರದಲ್ಲಿ ಬೇಸಿಕ್ ಎರಡು ಸಾವಿರ ಇದ್ದರೆ ವರ್ಷಕ್ಕೆ 1,400 ದಿರ್ಹಮ್ ಜಮೆ. ಮೂರು ಸಾವಿರ ಇದ್ದರೆ 2,100. ಮೂರು ವರ್ಷ ದುಡಿದು ಬರುವ ಹೊತ್ತಿಗೆ ಎರಡು ಸಾವಿರ ದಿರ್ಹಮಿಗೂ ಮೇಲೆ ವ್ಯತ್ಯಾಸ. ಗಣಿತದವನಿಗೆ ಇಷ್ಟು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಸಹಿ ಹಾಕುವ ಹೊತ್ತಿಗೆ ಗಣಿತದವರೂ ಗಣಿತ ಮರೆಯುವುದನ್ನು ಕಂಡಿದ್ದೇನೆ.

ನಿನ್ನ ಅಕ್ಕನಿಗೂ ಒಂದು ಮಾತು ತಿಳಿಸು. ಲಗ್ನವಾಗಿ ಗಂಡನ ವೀಸಾದ ಮೇಲೆ ಅಲ್ಲಿಗೆ ಹೋಗಿ, ಆಮೇಲೆ ಶಾಲೆ ಹುಡುಕುವ ಹೆಣ್ಣುಮಕ್ಕಳು ಬಾಳ. ಅವರನ್ನು ಸ್ಥಳೀಯ ನೇಮಕ ಅಂತ ಹಿಡಿಯುತ್ತಾರೆ. ಮನೆ ಭತ್ಯೆ ಇಲ್ಲ, ಟಿಕೆಟ್ ಇಲ್ಲ, ಅದೇ ತರಗತಿ, ಅದೇ ಪಾಠ, ಪಗಾರ ಮಾತ್ರ ಕಡಿಮೆ. ಅವಳು ಕೇಳಬೇಕಾದದ್ದು ಸ್ವಂತ ಮಕ್ಕಳ ಶುಲ್ಕದಲ್ಲಿ ಎಷ್ಟು ರಿಯಾಯಿತಿ ಅಂತ. ಕೆಲವು ಮನೆಗಳಲ್ಲಿ ಆ ರಿಯಾಯಿತಿಯೇ ಪಗಾರಕ್ಕಿಂತ ದೊಡ್ಡದಾಗಿರುತ್ತದೆ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ, ಇಲ್ಲೇ ನಮ್ಮ ಹುಡುಗರು ಎಡವುವುದು. ನಮ್ಮ ದೇಶದಲ್ಲಿ ಬಿ.ಎಡ್. 2015ರಿಂದ ಎರಡು ವರ್ಷದ್ದು. ಕ್ಲಾಸಿಗೆ ಹೋಗದೆ, ರೊಕ್ಕ ಕಟ್ಟಿ, ಪರೀಕ್ಷೆಗಷ್ಟೇ ಮುಖ ತೋರಿಸಿ ಪಡೆದ ಬಿ.ಎಡ್. ಇಲ್ಲಿ ಗೋಡೆಗೆ ತೂಗುಹಾಕಲು ಸಾಕು. ಹೊರಗೆ ಡೆಮೊ ಕ್ಲಾಸಿನಲ್ಲಿ ಹತ್ತು ನಿಮಿಷದಲ್ಲಿ ಅದರ ಬಣ್ಣ ಬಯಲಾಗುತ್ತದೆ. ನೀನು ದಿನಾ ಕಾಲೇಜಿಗೆ ಹೋದವನು, ಆ ಭಯ ಬೇಡ. ಆದರೆ ಪ್ರಮಾಣಪತ್ರಗಳ ದೃಢೀಕರಣಕ್ಕೆ ಸಮಯ ಹಿಡಿಯುತ್ತದೆ. ದುಬೈ ಇರುವ ಯುಎಇ, ಒಂದೇ ಮುದ್ರೆ ಸಾಕೆನ್ನುವ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲ. ಅದಕ್ಕೆ ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಹೀಗೆ ಒಂದರ ಮೇಲೊಂದು ಬೀಳಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಿನ್ನ ಹೆಸರು ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ, ಪದವಿಯಲ್ಲಿ ಮನೆತನದ ಹೆಸರು ಮುಂದೆ ಬಂದಿದ್ದರೆ ಈಗಲೇ ಸರಿ ಮಾಡಿಸು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರೆದುಬಿಡುತ್ತಾರೆ. ಅದೊಂದರಿಂದಲೇ ವೀಸಾ ತಿಂಗಳುಗಟ್ಟಲೆ ನಿಲ್ಲುತ್ತದೆ.

ಏಜೆಂಟರು ಕಲಬುರಗಿಯಲ್ಲೂ ಇದ್ದಾರೆ, ಹೈದರಾಬಾದಿನಲ್ಲಂತೂ ಬೀದಿಗೊಬ್ಬರು. ಹತ್ತನೆಯ ತರಗತಿ ಪಾಸಾದವನ ಪಾಸ್‌ಪೋರ್ಟಿಗೆ ವಲಸೆ ಪರವಾನಗಿ ಬೇಕಿಲ್ಲ. ಇದನ್ನೇ ಹಿಡಿದು ‘ನಿಮಗೇನೂ ಕಾನೂನಿಲ್ಲ ಸರ್’ ಅನ್ನುತ್ತಾರೆ. ಅದು ಸುಳ್ಳು. 1983ರ ವಲಸೆ ಕಾಯ್ದೆಯಡಿ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು, ಅವನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇರಬೇಕು. ಅವನು ನಿನ್ನಿಂದ ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಪೈಸೆ ಹೆಚ್ಚಿಲ್ಲ. ಯುಎಇಯ ಕಾರ್ಮಿಕ ಕಾನೂನಿನಲ್ಲಂತೂ ನೇಮಕದ ಖರ್ಚನ್ನು ಕೆಲಸಗಾರನ ಮೇಲೆ ಹಾಕುವಂತೆಯೇ ಇಲ್ಲ. ಮೂರು ಲಕ್ಷ ಕೇಳಿದವನ ಮನೆಯಲ್ಲಿ ಚಹಾ ಕೂಡ ಕುಡಿಯಬೇಡ. ಮೊದಲು ವಿಸಿಟ್ ವೀಸಾ, ಆಮೇಲೆ ನೋಡೋಣ ಅಂದವನ ಮಾತೂ ಕೇಳಬೇಡ. ವಿಸಿಟ್ ವೀಸಾದಲ್ಲಿ ಪಾಠ ಮಾಡುವುದು ಅಪರಾಧ, ಸಿಕ್ಕಿಬೀಳುವವನು ನೀನು, ಅವನಲ್ಲ. ನಿನ್ನ ಅಪ್ಪ ತೊಗರಿ ಮಾರಿ ಕೂಡಿಟ್ಟ ರೊಕ್ಕ ಅದಕ್ಕಲ್ಲ.

ಇಂಗ್ಲೆಂಡಿನ ಬಾಗಿಲು ಈಚೆಗೆ ತುಸು ತೆರೆದಿದೆ. 2023ರ ಫೆಬ್ರುವರಿಯಿಂದ ಭಾರತದ ತರಬೇತಾದ ಶಿಕ್ಷಕರು ಗಣಿತ, ವಿಜ್ಞಾನ, ಭಾಷೆಗಳಲ್ಲಿ ಅಲ್ಲಿಯ ಅರ್ಹತೆ ಕ್ಯುಟಿಎಸ್‌ಗೆ ನೇರ ಅರ್ಜಿ ಹಾಕಬಹುದು. ಅರ್ಜಿಗೆ ಶುಲ್ಕವಿಲ್ಲ, ಆದರೆ ಕಲಿಸಿದ ಅನುಭವ ಬೇಕು, ಇಂಗ್ಲಿಷ್ ಬೇಕು. ಲಂಡನ್ ಹೊರಗೆ ಹೊಸ ಶಿಕ್ಷಕನ ಆರಂಭದ ಪಗಾರ 2025ರ ಸೆಪ್ಟೆಂಬರಿನಿಂದ ವರ್ಷಕ್ಕೆ 32,916 ಪೌಂಡ್. ಕೇಳಲು ಬೆಟ್ಟದಷ್ಟು. ತೆರಿಗೆ, ವಿಮೆ, ಪಿಂಚಣಿ ಹಿಡಿದು ಕೈಗೆ ತಿಂಗಳಿಗೆ ಎರಡು ಸಾವಿರ ಪೌಂಡ್ ಚಿಲ್ಲರೆ ಬರುತ್ತದೆ, ಬಾಡಿಗೆ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ವೀಸಾದ ಜೊತೆ ಆರೋಗ್ಯ ಶುಲ್ಕ ಅಂತ ವಯಸ್ಕರ ತಲೆಗೆ ವರ್ಷಕ್ಕೆ 1,035 ಪೌಂಡ್ ಮುಂಗಡ. ಕ್ಯುಟಿಎಸ್ ಸಿಕ್ಕಿದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ, ವೀಸಾಕ್ಕೆ ಜವಾಬ್ದಾರಿ ಹೊರುವ ಶಾಲೆ ಬೇರೆ ಸಿಗಬೇಕು.

ಕನ್ನಡ ಎಂ.ಎ. ಮಾಡಿದ ನಿನ್ನ ಗೆಳೆಯನೂ ವಿದೇಶ ಅನ್ನುತ್ತಿದ್ದ. ಅವನಿಗೆ ನೇರವಾಗಿ ಹೇಳಿಬಿಡು. ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು 2014ರಿಂದ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ನೂರಾರು ಮಕ್ಕಳು ಅಲ್ಲಿ ಅಕ್ಷರ ಕಲಿತಿದ್ದಾರೆ. ಕಲಿಸುವವರೆಲ್ಲ ಬೇರೆ ಉದ್ಯೋಗ ಮಾಡಿಕೊಂಡು ಬಿಡುವಿನಲ್ಲಿ ಉಚಿತವಾಗಿ ಕಲಿಸುವವರು. ಪುಣ್ಯದ ಕೆಲಸ, ಆದರೆ ಹೊಟ್ಟೆಯ ಕೆಲಸವಲ್ಲ. ಅವನ ವಿದ್ಯೆಗೆ ಪಗಾರ ಇರುವುದು ಕರ್ನಾಟಕದಲ್ಲೇ.

ಕೊನೆಗೆ ನಮ್ಮ ಊರಿನ ಮಾತು. ಮಳಖೇಡದ ಮಣ್ಣು, ಕಾಗಿಣಾ ನದಿ ಅಂತ ಹೇಳಿ ನಿನ್ನನ್ನು ಹಿಡಿದು ನಿಲ್ಲಿಸುವವನು ನಾನಲ್ಲ, ಅದರಿಂದ ಯಾರ ಮನೆಯ ರೊಟ್ಟಿಯೂ ಬೇಯುವುದಿಲ್ಲ. ಆದರೆ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊ. 2022ರಲ್ಲಿ ಸರ್ಕಾರ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆ ಕರೆದಾಗ 5,000 ಹುದ್ದೆ ನಮ್ಮ ಕಲ್ಯಾಣ ಕರ್ನಾಟಕಕ್ಕೇ ಇದ್ದವು. ವೇತನ ಶ್ರೇಣಿ ಆಗಲೇ 27,650ರಿಂದ 52,650, ಮೇಲೆ ಭತ್ಯೆ. 2024ರಲ್ಲಿ ಏಳನೇ ವೇತನ ಆಯೋಗದ ನಂತರ ಇನ್ನೂ ಏರಿದೆ. ಆ 15,000ಕ್ಕೂ ಪೂರ್ತಿ ಅರ್ಹರು ಸಿಗಲಿಲ್ಲ ಅನ್ನುವುದು ನಿನಗೆ ಗೊತ್ತಿರಲಿ. ಹಳೆಯ ಪಿಂಚಣಿಯ ಕನಸು ಮಾತ್ರ ಬೇಡ, 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್‌ಪಿಎಸ್. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ಗಣಿತದ ಮೇಷ್ಟ್ರ ಬರ ಭೂತಾನಿನಲ್ಲಿ ಇರುವಂತೆ ಚಿಂಚೋಳಿಯಲ್ಲೂ ಇದೆ, ಚಿತ್ತಾಪುರದಲ್ಲೂ ಇದೆ. ಭೂತಾನ್ ಅದಕ್ಕೆ ಬೆಲೆ ಕಟ್ಟಿದೆ. ನಮ್ಮವರು ಅತಿಥಿ ಅಂತ ಹೆಸರಿಟ್ಟು 12,000ಕ್ಕೆ ಮುಗಿಸುತ್ತಿದ್ದಾರೆ. ಇದು ನಾಚಿಕೆಗೇಡು, ಅದನ್ನು ಮುಚ್ಚಿಟ್ಟು ನಿನಗೆ ಊರಪ್ರೇಮ ಬೋಧಿಸಲಾರೆ.

ಅದಕ್ಕೆ ಹೋಗು ಅನ್ನುತ್ತೇನೆ, ಆದರೆ ಈಗಲೇ ಅಲ್ಲ. ಎರಡು ವರ್ಷ ಇಲ್ಲೇ ಯಾವುದಾದರೂ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗೆ ಪಾಠ ಮಾಡಿ ಅನುಭವದ ಪತ್ರ ಬರೆಸಿಕೊ. ಗಣಿತವನ್ನು ಇಂಗ್ಲಿಷಿನಲ್ಲಿ ವಿವರಿಸುವುದನ್ನು ದಿನಾ ರೂಢಿ ಮಾಡು. ಇಲ್ಲವೇ ಮೊದಲು ಎಂ.ಎಸ್ಸಿ. ಸೇರು. ಹೊರಗಿದ್ದಾಗಲೂ ನೇಮಕಾತಿ ಅಧಿಸೂಚನೆ ಮೇಲೆ ಕಣ್ಣಿಡು, ವಯಸ್ಸಿನ ಮಿತಿ ನಿನಗಾಗಿ ಕಾಯುವುದಿಲ್ಲ. ಮತ್ತೆ ಈ ವಾರವೇ ಬಸ್‌ಸ್ಟ್ಯಾಂಡ್ ಕಟ್ಟೆ ಬಿಟ್ಟು ಎದ್ದು, ಇಲ್ಲೇ ಸೇಡಂನ ಸಹಾಯಕ ಆಯುಕ್ತರ ಕಚೇರಿಗೆ ಹೋಗಿ ಕಲ್ಯಾಣ ಕರ್ನಾಟಕದವರ ನೌಕರಿ ಮೀಸಲಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಕೊಡು. ನಾಳೆ ದುಬೈಯಿಂದ ಬಂದು ಸಾಲಿನಲ್ಲಿ ನಿಂತಾಗ ನೀನು ಈ ನೆಲದವನು ಅಂತ ಹೇಳುವುದು ಅದೊಂದೇ ಹಾಳೆ.