ಶೇಕ್ಸ್‌ಪಿಯರ್ ಓದಬೇಕೆ? ಮೂಲಪಾಠದಿಂದಲೇ ಶುರು ಮಾಡಿ

ಪದವಿ ತರಗತಿಗೆ ‘ಮ್ಯಾಕ್‌ಬೆತ್’ ಪಠ್ಯವಾದರೆ ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಮೊದಲು ಹುಡುಕುವುದು ಕಥಾಸಾರವನ್ನು. ಆದರೆ ಶೇಕ್ಸ್‌ಪಿಯರ್ ಕಥೆಗಳನ್ನು ಬಹುಪಾಲು ಬೇರೆಡೆಯಿಂದಲೇ ಎತ್ತಿಕೊಂಡವನು. ಅವನ ಶಕ್ತಿಯೆಲ್ಲ ಪಾತ್ರಗಳ ಮಾತಿನಲ್ಲಿದೆ. ಸಾರಾಂಶದಲ್ಲಿ ಕಳೆದುಹೋಗುವುದು ಆ ಮಾತೇ. ಆದ್ದರಿಂದ ಈ ಕ್ರಮದಲ್ಲಿ ಹೋಗಿ. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನವು ಉಚಿತ.

1. ನಂಬಬಹುದಾದ ಪಾಠ ಹಿಡಿಯಿರಿ: ವಾಷಿಂಗ್ಟನ್ನಿನ ಫೋಲ್ಜರ್ ಶೇಕ್ಸ್‌ಪಿಯರ್ ಗ್ರಂಥಾಲಯದ ಜಾಲತಾಣದಲ್ಲಿ ಎಲ್ಲ ನಾಟಕಗಳೂ ಸಾಲು ಸಂಖ್ಯೆಯೊಂದಿಗೆ ಸಿಗುತ್ತವೆ. ಪಿಡಿಎಫ್ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು.

2. ಪಾಠಭೇದ ಗಮನಿಸಿ: ‘ಹ್ಯಾಮ್ಲೆಟ್’ 1603, 1604–05 ಮತ್ತು 1623ರಲ್ಲಿ ಮೂರು ರೂಪಗಳಲ್ಲಿ ಅಚ್ಚಾಯಿತು. ನಾಲ್ಕನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಬರುವ ದೀರ್ಘ ಸ್ವಗತ ಎರಡನೆಯದರಲ್ಲಿದೆ, 1623ರ ನಾಟಕ ಸಂಪುಟ ‘ಫಸ್ಟ್ ಫೋಲಿಯೊ’ದಲ್ಲಿಲ್ಲ. ಎರಡು ತಾಣಗಳ ಪಾಠ ಹೊಂದದಿದ್ದರೆ ಕಾರಣ ಇಂಥದ್ದಿರಬಹುದು. ‘ಮ್ಯಾಕ್‌ಬೆತ್’ಗೆ ಈ ತೊಡಕಿಲ್ಲ, ಅದು ಮೊದಲು ಅಚ್ಚಾದದ್ದೇ ಫೋಲಿಯೊದಲ್ಲಿ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ತನ್ನ ಫೋಲಿಯೊ ಪ್ರತಿಯ ಪುಟಗಳನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ.

3. ಪದಗಳ ಬೆನ್ನು ಹತ್ತಿ: ‘ಓಪನ್ ಸೋರ್ಸ್ ಶೇಕ್ಸ್‌ಪಿಯರ್’ ತಾಣದಲ್ಲಿ ನಿದ್ರೆ ಅಥವಾ ರಕ್ತಕ್ಕಿರುವ ಇಂಗ್ಲಿಷ್ ಪದ ಹಾಕಿದರೆ ಅದು ಬರುವ ಸಾಲುಗಳೆಲ್ಲ ತೆರೆದುಕೊಳ್ಳುತ್ತವೆ. ಇವೆರಡು ಪದಗಳನ್ನು ಹಿಂಬಾಲಿಸಿದರೇ ‘ಮ್ಯಾಕ್‌ಬೆತ್’ ಕುರಿತು ಒಳ್ಳೆಯ ಪ್ರಬಂಧವೊಂದು ಹುಟ್ಟುತ್ತದೆ. ಶೇಕ್ಸ್‌ಪಿಯರನದೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಉಕ್ತಿಗಳನ್ನೂ ಇಲ್ಲಿಯೇ ಪರೀಕ್ಷಿಸಿ. ಹಳೆಯ ಅರ್ಥಗಳಿಗೆ ಅಲೆಕ್ಸಾಂಡರ್ ಶ್ಮಿಟ್‌ನ ಶೇಕ್ಸ್‌ಪಿಯರ್ ನಿಘಂಟು ಟಫ್ಟ್ಸ್ ವಿಶ್ವವಿದ್ಯಾಲಯದ ‘ಪರ್ಸಿಯಸ್’ ತಾಣದಲ್ಲಿದೆ.

4. ಕಿವಿಗೊಟ್ಟು ಕೇಳಿ, ನೋಡಿ: ‘ಲಿಬ್ರಿವಾಕ್ಸ್’ನಲ್ಲಿ ನಾಟಕಗಳ ಧ್ವನಿಮುದ್ರಣಗಳಿವೆ. ಪಾಠ ಮುಂದಿಟ್ಟುಕೊಂಡು ಕೇಳಿದರೆ ಪದ್ಯದ ಲಯ ಹಿಡಿಯಲು ಸುಲಭ. ಎಂಐಟಿಯ ‘ಗ್ಲೋಬಲ್ ಶೇಕ್ಸ್‌ಪಿಯರ್ಸ್’ ಸಂಗ್ರಹದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ ರಂಗಪ್ರಯೋಗಗಳ ವಿಡಿಯೊಗಳಿವೆ.

5. ವಿಮರ್ಶೆ ಕೊನೆಗಿರಲಿ: ‘ಜೆಸ್ಟೋರ್’ನ ‘ಅಂಡರ್‌ಸ್ಟ್ಯಾಂಡಿಂಗ್ ಶೇಕ್ಸ್‌ಪಿಯರ್’ನಲ್ಲಿ ನಾಟಕದ ಸಾಲೊಂದನ್ನು ಒತ್ತಿದರೆ ಅದನ್ನು ಉಲ್ಲೇಖಿಸಿದ ವಿದ್ವತ್ ಲೇಖನಗಳ ಪಟ್ಟಿ ಬರುತ್ತದೆ. ನಿಮ್ಮ ಕಾಲೇಜಿಗೆ ಇ-ಪತ್ರಿಕೆ, ಇ-ಪುಸ್ತಕಗಳನ್ನು ಒದಗಿಸುವ ‘ಎನ್-ಲಿಸ್ಟ್’ ಸೌಲಭ್ಯ ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ‘ಇ-ಪಿಜಿ ಪಾಠಶಾಲಾ’ದ ಪಾಠಗಳಿವೆ.

6. ಕನ್ನಡದ ಜತೆಗಿಟ್ಟು ಓದಿ: ಕುವೆಂಪು ‘ಹ್ಯಾಮ್ಲೆಟ್’ ಅನ್ನು ಬಿದನೂರಿನ ಇತಿಹಾಸಕ್ಕೆ ಒಗ್ಗಿಸಿ ‘ರಕ್ತಾಕ್ಷಿ’ ಬರೆದರು, ಡಿವಿಜಿ ‘ಮ್ಯಾಕ್‌ಬೆತ್’ ಅನುವಾದಿಸಿದರು. ‘ಇಂಟರ್ನೆಟ್ ಆರ್ಕೈವ್’ನಲ್ಲಿ ಹಳೆಯ ಕನ್ನಡ ಪುಸ್ತಕಗಳ ದೊಡ್ಡ ಸಂಗ್ರಹವಿದೆ, ಲೇಖಕರ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಕೊಟ್ಟು ಹುಡುಕಿ. ಇಂಗ್ಲಿಷಿನಲ್ಲಿ ಕಗ್ಗಂಟಾದ ಭಾಗ ಕನ್ನಡದಲ್ಲಿ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ.

ಟಿಪ್ಪಣಿಯಲ್ಲಿ ಅಂಕ, ದೃಶ್ಯ, ಸಾಲುಗಳ ಜೊತೆ ಆವೃತ್ತಿಯ ಹೆಸರನ್ನೂ ಬರೆದುಕೊಳ್ಳಿ; ಸಾಲು ಸಂಖ್ಯೆ ಎಲ್ಲ ಆವೃತ್ತಿಗಳಲ್ಲೂ ಒಂದೇ ಇರುವುದಿಲ್ಲ. ಇಡೀ ನಾಟಕಕ್ಕೆ ಹೆದರಬೇಡಿ. ‘ಮ್ಯಾಕ್‌ಬೆತ್’ನ ಮೊದಲ ಅಂಕದ ಏಳನೇ ದೃಶ್ಯವೊಂದನ್ನೇ ಆರಿಸಿಕೊಂಡು ಈ ಆರೂ ಹಂತಗಳನ್ನು ದಾಟಿ. ಅದೊಂದು ಕೈವಶವಾದರೆ ಉಳಿದವನ್ನು ಓದುವ ಧೈರ್ಯ ತಾನಾಗಿ ಬರುತ್ತದೆ.