ನಂಬರಿಲ್ಲದ ಗಾಡಿಗೆ ಬ್ಯಾಟರಿ

ಅಂಗಡಿಯವರು ವಾರಂಟಿ ಕಾರ್ಡು ತೆಗೆದು, ಪೆನ್ನಿನ ಟೋಪಿಯನ್ನು ಹಲ್ಲಲ್ಲಿ ಕಚ್ಚಿ, “ಗಾಡಿ ನಂಬರ್ ಹೇಳ್ರಿ ಸರ” ಅಂದರು. ನಾನು ಅಳಿಯನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಮ್ಮ ಗಾಡಿಗೆ ನಂಬರಿಲ್ಲ, ಮುಂದೆ ಬರುವುದೂ ಇಲ್ಲ.

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಈ ಅಳಿಯ, ಅಂದರೆ ನನ್ನ ಅಕ್ಕನ ಮಗ, ಗುಜರಿಯಿಂದ ತಂದ ಮಾರುತಿ 800ರ 796 ಸಿಸಿ ಎಂಜಿನ್ನು, ಕಬ್ಬಿಣದ ಪೈಪು, ಎರಡು ಸೀಟು ಸೇರಿಸಿ ಬೆಸುಗೆ ಹಾಕಿ ಒಂದು ಗಾಡಿ ಕಟ್ಟಿದ. ಅದನ್ನು ರಸ್ತೆಗೆ ಇಳಿಸುವಂತಿಲ್ಲ. ನೋಂದಣಿಯಾದ ವಾಹನವನ್ನೇ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಬದಲಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಗಾಗಿ ನಮ್ಮದು ಟೆಂಪೋದ ಬೆನ್ನೇರಿ ಕಮಲಾಪುರದ ಹೊಲಕ್ಕೆ ಹೋಗಿ, ಕೆಂಪು ಬಾಳೆಯ ಗೊನೆ ಹೊರುತ್ತಾ ಅಲ್ಲೇ ಉಳಿದಿದೆ.

ಎಂಜಿನ್ನು, ಗೇರು, ಬ್ರೇಕು ಎಲ್ಲಕ್ಕೂ ಚೌಕಾಸಿ ಮಾಡಿ ಉಳಿಸಿದ ದುಡ್ಡನ್ನು ನಾನು ಕಳೆದದ್ದು ಬ್ಯಾಟರಿಯಲ್ಲಿ. ಮೊದಲನೆಯದು ಪುಕ್ಕಟೆ: ಮನೆಯ ಇನ್ವರ್ಟರಿನಿಂದ ತೆಗೆದಿಟ್ಟಿದ್ದ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ದೊಡ್ಡದು ಅಂದಮೇಲೆ ಒಳ್ಳೆಯದೇ ಇರಬೇಕು ಅನ್ನುವುದು ನನ್ನ ಲೆಕ್ಕ. ಇಬ್ಬರು ಸೇರಿ ಎತ್ತಿ ಇಟ್ಟೆವು. ಕೀಲಿ ತಿರುಗಿಸಿದರೆ ಕಟ್ ಕಟ್ ಅಂದು ಸುಮ್ಮನಾಯಿತು. “ಇದು ಫ್ಯಾನ್ ತಿರುಗ್ಸೋದ್ರಿ, ಎಂಜಿನ್ ಅಲ್ಲ” ಅಂದರು ಗ್ಯಾರೇಜಿನ ಉಸ್ತಾದರು. ಇನ್ವರ್ಟರಿನದರೊಳಗೆ ದಪ್ಪ ಪ್ಲೇಟು, ತಾಸುಗಟ್ಟಲೆ ಸ್ವಲ್ಪ ಸ್ವಲ್ಪ ಕೊಡುವ ಜಾತಿ. ಸ್ಟಾರ್ಟರ್ ಮೋಟಾರಿಗೆ ಎರಡು ಮೂರು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಒಮ್ಮೆಲೇ ಬೇಕು, ಅದಕ್ಕೆ ತೆಳು ಪ್ಲೇಟು ಹೆಚ್ಚು ಸಂಖ್ಯೆಯಲ್ಲಿರಬೇಕು. ನಮ್ಮದು ಹಳೆಯದೂ ಆಗಿತ್ತು. ಟೆಂಪೋದಲ್ಲಿ ಹೊತ್ತು ತಂದದ್ದಷ್ಟೇ ಬಂತು.

ಎರಡನೆಯದು ರಿಪೇರಿ ಮಾಡಿ ಮಾರುವ ಬ್ಯಾಟರಿ, 1,500 ರೂಪಾಯಿ. ಆರು ತಿಂಗಳ ಬಾಯಿಮಾತಿನ ಗ್ಯಾರಂಟಿ. ಐದು ತಿಂಗಳಿಗೆ ಸತ್ತಿತು. ತಿಂಗಳಿಗೆ 300 ರೂಪಾಯಿ ಬಾಡಿಗೆ ಕೊಟ್ಟ ಹಾಗಾಯಿತು. ಅಳತೆಯೂ ತಪ್ಪಿತ್ತು. ಸೀಟಿನ ಕೆಳಗಿನ ತಟ್ಟೆಗಿಂತ ಎರಡು ಬೆರಳು ಎತ್ತರ. ಅಳಿಯ ಕೂತು ಹಳ್ಳ ಹಾರಿಸಿದಾಗ ಸೀಟಿನ ತಗಡು ಟರ್ಮಿನಲ್ಲಿಗೆ ತಾಗಿ ಚಟ್ಟನೆ ಕಿಡಿ ಹಾರಿತು, ರೆಕ್ಸಿನ್ ಸುಟ್ಟ ವಾಸನೆ. ಅವನು ಸೀಟಿನಿಂದ ಜಿಗಿದ ರೀತಿ ಇನ್ನೂ ಮನೆಯಲ್ಲಿ ನಗೆಯ ಮಾತು. ಅಂದು ಸೈಕಲ್ ಟ್ಯೂಬು ಸೀಳಿ ಟರ್ಮಿನಲ್ಲಿಗೆ ಹೊದಿಸಿದೆವು.

ಮೂರನೆಯ ಸಲ ಅಳತೆ ಟೇಪು ಹಿಡಿದೇ ಅಂಗಡಿಗೆ ಹೋದೆವು. ಮಾರುತಿ 800ಕ್ಕೆ ಹಾಕುವುದು 35 ಎಎಚ್‌ನ 38ಬಿ20. ಅದರಲ್ಲಿ 20 ಅಂದರೆ ಸೆಂಟಿಮೀಟರಿನಲ್ಲಿ ಉದ್ದ, ಬಿ ಅಂದರೆ ಅಗಲ-ಎತ್ತರದ ವರ್ಗ. ಕೊನೆಗೆ ಬರುವ ಎಲ್ ಅಥವಾ ಆರ್ ಟರ್ಮಿನಲ್ಲು ಯಾವ ಕಡೆಗೆ ಅನ್ನುವುದಕ್ಕೆ. ಅದು ತಪ್ಪಿದರೆ ಕೇಬಲ್ಲು ಮುಟ್ಟುವುದಿಲ್ಲ. ಅಂಗಡಿಯ ಹುಡುಗ ಸಿಸಿಎ (ಚಳಿಯಲ್ಲಿ ಎಂಜಿನ್ ಎಬ್ಬಿಸುವ ಆಂಪಿಯರ್) ಹೆಚ್ಚಿರುವ ದುಬಾರಿ ಮಾಲು ತೋರಿಸಿದ. ಸಿಸಿಎ ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ಕಲಬುರಗಿಯಲ್ಲಿ ಆ ಅಂಕಿಗೆ ಹೆಚ್ಚು ದುಡ್ಡು ಕೊಡುವುದೆಂದರೆ ಬಿಸಿಲಿಗೆ ಸ್ವೆಟರ್ ಕೊಂಡ ಹಾಗೆ. ಇಲ್ಲಿ ಬ್ಯಾಟರಿಯ ಶತ್ರು ಬಿಸಿ. ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ ಅನ್ನುವುದು ವಾಡಿಕೆಯ ಲೆಕ್ಕ. ಸೈಲೆನ್ಸರಿನಿಂದ ದೂರ ಇಟ್ಟರೆ ಸಿಗುವ ಲಾಭಕ್ಕೆ ಬಿಲ್ಲಿಲ್ಲ.

ಒಂದೇ ಅಳತೆಯ ಎರಡು ಮಾಲು ಉಳಿದವು. ಹಳೆಯ ಬ್ಯಾಟರಿ ವಾಪಸು ಕೊಟ್ಟ ಮೇಲೆ 55 ತಿಂಗಳ ವಾರಂಟಿಯದು 4,800, 36 ತಿಂಗಳದ್ದು 3,900. (2025ರ ಸೆಪ್ಟೆಂಬರ್ 22ರಿಂದ ಇವಕ್ಕೆ ಜಿಎಸ್‌ಟಿ ಶೇ 28ರ ಬದಲು ಶೇ 18, ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.) ಭಾಗಿಸಿದರೆ ದುಬಾರಿಯದೇ ಅಗ್ಗ: ತಿಂಗಳಿಗೆ 87 ರೂಪಾಯಿ, ಇನ್ನೊಂದು 108. ಈ ಅಂಕಣದಲ್ಲೇ ಇಂಥ ಭಾಗಾಕಾರ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಅಂಗಡಿಯಲ್ಲಿ ನಂಬರಿಲ್ಲದೆ ಕಾರ್ಡು ತುಂಬುವಂತಿಲ್ಲ. ಕೇಳಲಾಗದ ವಾರಂಟಿಗೆ 900 ರೂಪಾಯಿ ಏಕೆ? ಗುಜರಿಗೆ ಹೋದ ಮಾರುತಿಯ ನಂಬರ್ ಬರೆಸೋಣ ಅಂದ ಅಳಿಯ. ಬೇಡ ಅಂದೆ.

36 ತಿಂಗಳದ್ದನ್ನೇ ತಂದೆವು, ತಯಾರಾದ ತಿಂಗಳು ನೋಡಿ. ಕಪಾಟಿನಲ್ಲಿ ಆರು ತಿಂಗಳು ಕೂತದ್ದಾದರೆ ರಿಯಾಯಿತಿ ಕೊಟ್ಟರೂ ಬೇಡ. ಉಳಿದ ದುಡ್ಡಲ್ಲಿ 350ಕ್ಕೆ ಬ್ಯಾಟರಿ ಕಡಿಯುವ ಕೆಂಪು ಕೀಲಿಯ ಸ್ವಿಚ್ಚು, 450ಕ್ಕೆ ಮೀಟರು. ಸತ್ತ ಬ್ಯಾಟರಿಯ ಕೊಲೆಗಾರನನ್ನು ಹಿಡಿದದ್ದು ಆ ಮೀಟರೇ. ಅಳಿಯ ಹಾಕಿಸಿದ ಹಾಡಿನ ಡಬ್ಬಿ, ಬಂದ್ ಮಾಡಿದರೂ 50 ಮಿಲಿಆಂಪಿಯರ್ ಹೀರುತ್ತಿತ್ತು. ದಿನಕ್ಕೆ 1.2 ಎಎಚ್. ಹದಿನೈದು ದಿನ ನಿಂತರೆ 35ರಲ್ಲಿ ಅರ್ಧ ಖಾಲಿ. ಹೊಲದೊಳಗೆ ಎರಡು ಕಿಲೋಮೀಟರ್ ಓಡಿಸಿದರೆ ಅದು ತುಂಬುವುದಿಲ್ಲ, ಅರೆಹೊಟ್ಟೆಯಲ್ಲೇ ಕೂತು ಪ್ಲೇಟಿಗೆ ಬಿಳಿ ಪದರ ಕಟ್ಟುತ್ತದೆ.

ಈಗ ಹೊರಡುವಾಗ ಕೆಂಪು ಕೀಲಿ ಕಿತ್ತು ಜೇಬಿಗಿಡುತ್ತೇವೆ. ಮೂರು ವಾರ ಬಿಟ್ಟು ಮೀಟರು ಹಿಡಿದರೆ 12.6 ತೋರಿಸುತ್ತದೆ. ಹೋದ ಭಾನುವಾರ ಮಾತ್ರ ಕಮಲಾಪುರ ಮುಟ್ಟಿದ ಮೇಲೆ ಜೇಬು ತಡಕಿದೆವು. “ಮಾಮಾ, ಕೀಲಿ ಮನ್ಯಾಗ ಗ್ವಾಡಿಗೆ ಜೋತ್ ಬಿಟ್ಟೀನಿ” ಅಂದ. ಅವನು ಬೈಕಿನಲ್ಲಿ ಕಲಬುರಗಿಗೆ ಹೋಗಿ ಬಂದ ಪೆಟ್ರೋಲು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.