ನಾದಕ್ಕೆ ಬಣ್ಣ ಕೊಡುವ ಪೆಟ್ಟಿಗೆ

ಕೊಳಲು, ವೀಣೆ, ನಾದಸ್ವರ ಈ ಮೂರನ್ನೂ ಒಂದೇ ಶ್ರುತಿಯಲ್ಲಿ ನುಡಿಸಿದರೂ ಕಣ್ಣು ಮುಚ್ಚಿ ಕೇಳುವವನಿಗೆ ಯಾವುದು ಯಾವ ವಾದ್ಯವೆಂದು ಕೂಡಲೇ ತಿಳಿದುಬಿಡುತ್ತದೆ. ಸ್ವರವೊಂದೇ, ಅದರ ಬಣ್ಣ ಬೇರೆ. ಭೌತಶಾಸ್ತ್ರದಲ್ಲಿ ಇದನ್ನು ನಾದಗುಣವೆಂದು ಕರೆಯುತ್ತಾರೆ. ವಿದ್ಯುತ್ ಗಿಟಾರನ್ನು ನುಡಿಸುವವರು ಕಾಲಿನಿಂದ ಒತ್ತಿ ಚಾಲೂ ಮಾಡುವ ಪುಟ್ಟ ಪೆಟ್ಟಿಗೆಯ ಕೆಲಸವೂ ಈ ನಾದಗುಣವನ್ನು ಬದಲಿಸುವುದೇ ಆಗಿದೆ. ಬಳಕೆಯಲ್ಲಿ ಅದಕ್ಕೆ ಪೆಡಲು ಎಂದು ಹೆಸರು. ಅದರೊಳಗೆ ಏನು ನಡೆಯುತ್ತದೆ, ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಅದನ್ನು ತನ್ನ ಕೈಯಾರೆ ಕಟ್ಟಿ ಅಲಂಕರಿಸುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಗಣೇಶೋತ್ಸವವಿರಲಿ, ಊರಹಬ್ಬವಿರಲಿ, ಆರ್ಕೆಸ್ಟ್ರಾದ ವೇದಿಕೆಯ ಮೇಲೆ ಗಿಟಾರು ಅಪರೂಪದ ವಸ್ತುವಲ್ಲ. ಆದರೆ ಗಿಟಾರಿನೊಡನೆ ಬರುವ ಪೆಟ್ಟಿಗೆ ಮಾತ್ರ ಮುಚ್ಚಿದ ಪೆಟ್ಟಿಗೆಯೇ. ಅದು ಕೆಟ್ಟುನಿಂತರೆ ನುಡಿಸುವವನ ಕೈ ಕಟ್ಟಿದಂತಾಗುತ್ತದೆ. ಇದಕ್ಕೆ ಎದುರಾಗಿ ಇದೇ ಸೀಮೆಯ ಕಪ್ಪಡಿಯ ಜಾತ್ರೆಯಲ್ಲಿ ಮಂಟೇಸ್ವಾಮಿ ಪರಂಪರೆಯ ಕಥೆಯನ್ನು ಹಾಡುವ ನೀಲಗಾರರನ್ನು ನೋಡಬಹುದು. ಅವರ ತಂಬೂರಿಯ ತಂತಿ ಸಡಿಲವಾದರೆ ಬಿಗಿದುಕೊಳ್ಳುವವರು ಅವರೇ, ಶ್ರುತಿ ತಪ್ಪಿದರೆ ಸರಿಪಡಿಸಿಕೊಳ್ಳುವವರೂ ಅವರೇ. ವಾದ್ಯವನ್ನು ನುಡಿಸಬಲ್ಲವನಿಗೂ ವಾದ್ಯವನ್ನು ಅರಿತವನಿಗೂ ಇರುವ ಅಂತರ ಇದೇ. ವಿದ್ಯುತ್ತಿನ ವಾದ್ಯ ಬಂದೊಡನೆ ಈ ಅರಿವನ್ನು ನಾವು ಬಿಟ್ಟುಕೊಡಬೇಕಾಗಿಲ್ಲ.

ಜೀವಾಳಿ ಕಲಿಸುವ ಪಾಠ

ನಾದಕ್ಕೆ ಬಣ್ಣ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಸಂಗೀತ ಕಚೇರಿಯ ತಂಬೂರಿಯ ಕುದುರೆಯನ್ನು ಗಮನಿಸಿರಿ. ಅದರ ನೆತ್ತಿ ಚೂಪಾಗಿರದೆ ಅಗಲವಾಗಿ, ತುಸು ಬಾಗಿದಂತಿರುತ್ತದೆ. ತಂತಿಗೂ ಕುದುರೆಗೂ ನಡುವೆ ಜೀವಾಳಿ ಎಂಬ ನೂಲಿನ ಎಳೆಯನ್ನು ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ನೆಲೆಗೆ ಬಂದೊಡನೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ನೂಲು ತಾನಾಗಿ ಧ್ವನಿ ಮಾಡಲಿಲ್ಲ. ತಂತಿಯು ಕಂಪಿಸುವಾಗ ಕುದುರೆಯನ್ನು ಸವರಿಕೊಂಡು ಹೋಗುವಂತೆ ಮಾಡಿತು, ಅಷ್ಟೆ. ಆ ಸವರುವಿಕೆಯಿಂದ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯುಳ್ಳ ಮೇಲ್ಸ್ವರಗಳು ಬಲಗೊಂಡವು.

ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ, ಭಾರತೀಯ ತಂತಿವಾದ್ಯಗಳನ್ನು ಕುರಿತು ಒಂದು ಸಂಶೋಧನಾ ಲೇಖನವನ್ನು ಪ್ರಕಟಿಸಿದರು. ಸಾಮಾನ್ಯ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಮೇಲ್ಸ್ವರಗಳು ಹುಟ್ಟಬಾರದೆಂಬುದು ಅಂದಿನ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಾದರೋ ಇಲ್ಲದಿರಬೇಕಾದ ಆ ಮೇಲ್ಸ್ವರಗಳೂ ಸ್ಪಷ್ಟವಾಗಿ ಕೇಳಿಬರುತ್ತವೆಂದೂ, ಕುದುರೆಯ ವಿಶಿಷ್ಟ ರೂಪವೇ ಅದಕ್ಕೆ ಕಾರಣವೆಂದೂ ಅವರು ತೋರಿಸಿಕೊಟ್ಟರು. ಹೆಸರು ತಿಳಿಯದ ವಾದ್ಯಶಿಲ್ಪಿಗಳು ಕಿವಿಯಿಂದ ಕಂಡುಕೊಂಡಿದ್ದ ರಹಸ್ಯಕ್ಕೆ ವಿಜ್ಞಾನದ ಒಪ್ಪಿಗೆ ಹೀಗೆ ದೊರೆಯಿತು.

ಅಮೆರಿಕೆಯಲ್ಲಿ ಗಿಟಾರಿನ ಒರಟು ನಾದ ಹುಟ್ಟಿದ್ದು ಆಕಸ್ಮಿಕವಾಗಿ. ನ್ಯಾಶ್‌ವಿಲ್ ನಗರದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದನ್ನು ಧ್ವನಿಮುದ್ರಿಸುವಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಮಂದ್ರದ ಗಿಟಾರು ಗೊರಗೊರ ಸದ್ದು ಮಾಡಿತು. ಆ ಹಾಡು ಹಾಗೆಯೇ ೧೯೬೧ರಲ್ಲಿ ಹೊರಬಂದು ಜನಪ್ರಿಯವಾಯಿತು. ಧ್ವನಿಮುದ್ರಣದ ತಂತ್ರಜ್ಞ ಗ್ಲೆನ್ ಸ್ನಾಡಿ ಆ ದೋಷವನ್ನು ಮರೆತುಬಿಡಲಿಲ್ಲ. ಅದೇ ಸದ್ದನ್ನು ಬೇಕೆಂದಾಗ ಪಡೆಯಲು ಟ್ರಾನ್ಸಿಸ್ಟರುಗಳಿಂದ ಒಂದು ಮಂಡಲವನ್ನು ರಚಿಸಿದರು. ಗಿಬ್ಸನ್ ಸಂಸ್ಥೆಯು ೧೯೬೨ರಲ್ಲಿ ಅದನ್ನು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಕೆಟ್ಟದ್ದು ಏಕೆ ಕೆಟ್ಟಿತೆಂದು ಕೇಳಿದವನ ಪಾಲಿಗೆ ದೋಷವೇ ಗುಣವಾದ ನಿದರ್ಶನವಿದು.

ನಮ್ಮ ನಾಡಿನಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಇಂಜಿನಿಯರರೂ ಕೊಳಲು ವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ೧೯೭೯ರ ಸುಮಾರಿಗೆ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಇಂದು ಅಸಂಖ್ಯ ಸಂಗೀತ ವಿದ್ಯಾರ್ಥಿಗಳ ಮನೆಗಳಲ್ಲಿ ಶ್ರುತಿ ಹಿಡಿಯುತ್ತಿವೆ. ಸಂಗೀತದ ಕಿವಿಯೂ ಬೆಸುಗೆ ಹಾಕುವ ಕೈಯೂ ಒಬ್ಬನಲ್ಲಿಯೇ ಕೂಡಿದಾಗ ಏನು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ಬಹು ದುರ್ಬಲ. ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಪೆಡಲಿನ ಟ್ರಾನ್ಸಿಸ್ಟರ್ ಇದನ್ನು ಸುಮಾರು ಹತ್ತು ಪಟ್ಟು ಹೆಚ್ಚಿಸುತ್ತದೆ. ಆ ಬಳಿಕ ಎರಡು ಡಯೋಡುಗಳು ಅಲೆಯನ್ನು ಎದುರುಗೊಳ್ಳುತ್ತವೆ. ಸಿಲಿಕಾನ್ ಡಯೋಡು ಸುಮಾರು ೦.೬ ವೋಲ್ಟಿಗೆ, ಜರ್ಮೇನಿಯಂ ಡಯೋಡು ಸುಮಾರು ೦.೩ ವೋಲ್ಟಿಗೆ ದಾರಿ ಬಿಟ್ಟುಕೊಡುತ್ತದೆ. ಅಲೆಯು ಆ ಮಟ್ಟವನ್ನು ಮೀರಿದೊಡನೆ ಹೆಚ್ಚಿನ ಭಾಗವು ನೆಲದ ತಂತಿಗೆ ಹರಿದುಹೋಗುತ್ತದೆ. ಗುಡ್ಡದಂತಿದ್ದ ಅಲೆಯ ನೆತ್ತಿ ಮೇಜಿನಂತೆ ಚಪ್ಪಟೆಯಾಗುತ್ತದೆ.

ಅಲೆಯ ಆಕಾರ ಬದಲಾದರೆ ಅದರಲ್ಲಿರುವ ಮೇಲ್ಸ್ವರಗಳೂ ಬದಲಾಗುತ್ತವೆ. ಎರಡು ಬದಿಯೂ ಸಮನಾಗಿ ಕತ್ತರಿಸಿದರೆ ೧೧೦ ಹರ್ಟ್ಸ್‌ನ ಶುದ್ಧ ಸ್ವರದಿಂದ ೩೩೦, ೫೫೦, ೭೭೦ ಹೀಗೆ ಬೆಸಸಂಖ್ಯೆಯ ಪಟ್ಟುಗಳು ಹುಟ್ಟುತ್ತವೆ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಕತ್ತರಿಸಿದರೆ ೨೨೦, ೪೪೦ ಮೊದಲಾದ ಸಮಸಂಖ್ಯೆಯ ಪಟ್ಟುಗಳೂ ಸೇರಿಕೊಂಡು ನಾದ ತುಂಬಿ ಬರುತ್ತದೆ. ಒಂದು ಸಿಲಿಕಾನ್, ಒಂದು ಜರ್ಮೇನಿಯಂ ಎಂದು ಬೇರೆಬೇರೆ ಡಯೋಡುಗಳನ್ನು ಹಾಕುವುದು ಇದಕ್ಕಾಗಿಯೇ. ತಂಬೂರಿಯ ಕುದುರೆ ಮತ್ತು ಡಯೋಡು ಕೆಲಸ ಮಾಡುವ ರೀತಿ ಬೇರೆ. ಆದರೆ ಚಲನೆಗೆ ಒಂದು ಅಡ್ಡಿಯನ್ನಿಟ್ಟು ಮೇಲ್ಸ್ವರಗಳನ್ನು ಎಬ್ಬಿಸುವ ತತ್ತ್ವದಲ್ಲಿ ಅವೆರಡೂ ದೂರದ ನೆಂಟರು.

ಇನ್ನೊಂದು ವಿಶೇಷವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಪೆಡಲಿನ ಮೂಲಕ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಅವುಗಳ ಮೊತ್ತ ಹಾಗೂ ವ್ಯತ್ಯಾಸದ ಆವೃತ್ತಿಗಳೂ ಹುಟ್ಟುತ್ತವೆ. ಷಡ್ಜ ೨೨೦, ಪಂಚಮ ೩೩೦ ಆದರೆ ವ್ಯತ್ಯಾಸ ೧೧೦. ಅದು ಕೆಳಗಿನ ಸ್ಥಾಯಿಯ ಷಡ್ಜವೇ ಆಯಿತು. ಆದ್ದರಿಂದ ಸ-ಪ ಜೋಡಿ ಈ ಪೆಟ್ಟಿಗೆಯಲ್ಲಿ ಗಂಭೀರವಾಗಿ ಮೊಳಗುತ್ತದೆ. ತೀರ ಹತ್ತಿರದ ಎರಡು ಸ್ವರಗಳನ್ನು ನುಡಿಸಿದರೆ ಅದೇ ಪೆಟ್ಟಿಗೆ ಕಿವಿಗೆ ಕರ್ಕಶವಾಗುತ್ತದೆ.

ಕಟ್ಟುವ ವಿಧಾನ

ಬೇಕಾಗುವ ಸಾಮಾನುಗಳು ಇವು: ಬಿ.ಸಿ. ೫೪೯ ಟ್ರಾನ್ಸಿಸ್ಟರ್ ಒಂದು, ೨.೨ ಮೆಗಾಓಮ್, ೬.೮ ಕಿಲೋಓಮ್, ೬೮೦ ಓಮ್ ರೆಸಿಸ್ಟರುಗಳು ಒಂದೊಂದು, ೦.೧ ಮೈಕ್ರೋಫ್ಯಾರಡ್ ಕೆಪಾಸಿಟರು ಎರಡು, ಸಿಲಿಕಾನ್ ಮತ್ತು ಜರ್ಮೇನಿಯಂ ಡಯೋಡು ಒಂದೊಂದು, ೧೦೦ ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ಒಂದು, ಜ್ಯಾಕ್ ಎರಡು, ಕಾಲಿನಿಂದ ಒತ್ತುವ ಸ್ವಿಚ್ಚು, ೯ ವೋಲ್ಟಿನ ಬ್ಯಾಟರಿ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಇಂತಹ ಸಾಮಾನು ದೊರೆಯುತ್ತದೆ. ಜರ್ಮೇನಿಯಂ ಡಯೋಡನ್ನು ಮೂಲೆಗೆ ಬಿದ್ದ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಿಂದಲೂ ಬಿಡಿಸಿಕೊಳ್ಳಬಹುದು.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮ ಕಡೆಗೆ, ಕಾಲುಗಳನ್ನು ಕೆಳಕ್ಕೆ ಹಿಡಿದರೆ ಎಡದಿಂದ ಕ್ರಮವಾಗಿ ಕಲೆಕ್ಟರ್, ಬೇಸ್, ಎಮಿಟರ್ ಇರುತ್ತವೆ. ಒಳಬರುವ ಜ್ಯಾಕಿನಿಂದ ಒಂದು ಕೆಪಾಸಿಟರಿನ ಮೂಲಕ ಬೇಸಿಗೆ ಬರಬೇಕು. ಬೇಸಿಗೂ ಕಲೆಕ್ಟರಿಗೂ ನಡುವೆ ೨.೨ ಮೆಗಾಓಮ್, ಕಲೆಕ್ಟರಿನಿಂದ ಬ್ಯಾಟರಿಯ ಧನಧ್ರುವಕ್ಕೆ ೬.೮ ಕಿಲೋಓಮ್, ಎಮಿಟರಿನಿಂದ ಋಣಧ್ರುವಕ್ಕೆ ೬೮೦ ಓಮ್ ಜೋಡಿಸಬೇಕು. ಋಣಧ್ರುವದ ತಂತಿಯೇ ಇಲ್ಲಿ ನೆಲದ ತಂತಿ; ಎರಡು ಜ್ಯಾಕುಗಳ ಹೊರಭಾಗವೂ ಅದಕ್ಕೇ ಸೇರಬೇಕು. ಎರಡನೆಯ ಕೆಪಾಸಿಟರು ಕಲೆಕ್ಟರಿನಿಂದ ಹೊರಡುತ್ತದೆ. ಅದರ ಆಚೆಯ ತುದಿಗೂ ನೆಲದ ತಂತಿಗೂ ನಡುವೆ ಎರಡು ಡಯೋಡುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೂಡಿಸಬೇಕು. ಅದೇ ತುದಿಯಿಂದ ವಾಲ್ಯೂಮ್ ಕಂಟ್ರೋಲಿನ ಒಂದು ಪಕ್ಕದ ಕಾಲಿಗೆ, ಇನ್ನೊಂದು ಪಕ್ಕದ ಕಾಲನ್ನು ನೆಲಕ್ಕೆ, ನಡುಗಾಲನ್ನು ಹೊರಹೋಗುವ ಜ್ಯಾಕಿಗೆ ಸೇರಿಸಿದರೆ ಮಂಡಲ ಮುಗಿಯಿತು. ಕಾಲಿನ ಸ್ವಿಚ್ಚು ಗಿಟಾರಿನ ಧ್ವನಿಯನ್ನು ಒಮ್ಮೆ ಈ ಮಂಡಲದ ಮೂಲಕ, ಒಮ್ಮೆ ನೇರವಾಗಿ ಹೊರಕ್ಕೆ ಕಳುಹಿಸುವಂತಿರಬೇಕು.

ಬೆಸುಗೆ ಮುಗಿದ ಮೇಲೆ ಕಲೆಕ್ಟರಿಗೂ ನೆಲದ ತಂತಿಗೂ ನಡುವಣ ವೋಲ್ಟೇಜನ್ನು ಮೀಟರಿನಿಂದ ಅಳೆಯಬೇಕು. ಸುಮಾರು ನಾಲ್ಕು-ಐದು ವೋಲ್ಟ್ ಇದ್ದರೆ ಎಲ್ಲವೂ ಕ್ಷೇಮ. ಒಂಬತ್ತರ ಬಳಿಯೋ ಸೊನ್ನೆಯ ಬಳಿಯೋ ಇದ್ದರೆ ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾಗಿವೆಯೇ, ಬೆಸುಗೆ ಬಿಟ್ಟುಕೊಂಡಿದೆಯೇ ಎಂದು ನೋಡಬೇಕು. ಮನೆಯ ಗೋಡೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಈ ಪೆಟ್ಟಿಗೆಯ ಹತ್ತಿರಕ್ಕೂ ತರಕೂಡದು. ಇದು ಬಳಸುವ ವಿದ್ಯುತ್ತು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆಯಾದ್ದರಿಂದ ಸಣ್ಣ ಬ್ಯಾಟರಿಯೇ ಬಹುಕಾಲ ಬಾಳುತ್ತದೆ. ಬೆಸುಗೆಯ ಸೀಸ ಕೈಗೆ ಅಂಟುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕು; ಹೊಗೆ ಹೊರಹೋಗಲು ಕಿಟಕಿ ತೆರೆದಿರಬೇಕು.

ಪೆಟ್ಟಿಗೆ ಮತ್ತು ಅಲಂಕಾರ

ಮಂಡಲವನ್ನು ಇರಿಸಲು ಅಲ್ಯುಮಿನಿಯಂ ಊಟದ ಡಬ್ಬಿಯೋ ತಗಡಿನ ಬಿಸ್ಕತ್ತು ಡಬ್ಬಿಯೋ ಸಾಕು. ಲೋಹದ ಪೆಟ್ಟಿಗೆಯನ್ನು ನೆಲದ ತಂತಿಗೆ ಸೇರಿಸಿದರೆ ಸುತ್ತಲಿನ ವಿದ್ಯುತ್ ದೀಪ, ತಂತಿಗಳಿಂದ ಬರುವ ಗುಂಯ್‌ಗುಡುವಿಕೆ ಬಹಳಮಟ್ಟಿಗೆ ತಗ್ಗುತ್ತದೆ. ಹುಣಸೂರಿನ ಬಡಗಿಯ ಅಂಗಡಿಯಲ್ಲಿ ಉಳಿದ ಮರದ ತುಂಡುಗಳಿಂದ ಪೆಟ್ಟಿಗೆ ಮಾಡುವುದಾದರೆ ಒಳಮೈಗೆ ಅಲ್ಯುಮಿನಿಯಂ ಹಾಳೆಯನ್ನು ಅಂಟಿಸಿ, ಜ್ಯಾಕಿನ ನಟ್ಟಿನ ಕೆಳಗೆ ಅದನ್ನು ಬಿಗಿಯಬೇಕು. ಮರ ಅಂದ, ಆದರೆ ಅದು ವಿದ್ಯುತ್ತಿನ ಗದ್ದಲವನ್ನು ತಡೆಯಲಾರದು.

ಅಲಂಕಾರಕ್ಕೆ ಒಂದು ಕ್ರಮವುಂಟು. ಮೊದಲು ರಂಧ್ರಗಳನ್ನು ಕೊರೆಯಬೇಕು. ಬಣ್ಣ ಹಚ್ಚಿದ ಮೇಲೆ ಕೊರೆದರೆ ಬಣ್ಣ ಚಕ್ಕೆಯೇಳುತ್ತದೆ. ಬಳಿಕ ಎಮರಿ ಕಾಗದದಿಂದ ಮೈಯನ್ನು ಉಜ್ಜಿ, ಸೋಪಿನಿಂದ ಜಿಡ್ಡು ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಬೇಕು. ಅದರ ಮೇಲೆ ಎನಾಮಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಚಿತ್ರ ಬರೆದು ಒಣಗಿದ ಮೇಲೆ ವಾರ್ನಿಷ್. ಮುಚ್ಚಳದ ಒಳಬದಿಯಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಲೇಸು. ಕೆಲವು ವಾರ್ನಿಷ್ ಕೆಳಗಿನ ಬಣ್ಣವನ್ನೇ ಕರಗಿಸಿಬಿಡುತ್ತದೆ. ಜ್ಯಾಕ್ ಕೂರುವೆಡೆ ಒಳಗಿನಿಂದ ಬಣ್ಣವನ್ನು ಕೆರೆದು ಲೋಹ ಕಾಣುವಂತೆ ಮಾಡುವುದನ್ನು ಮರೆಯಬಾರದು. ಬಣ್ಣವು ವಿದ್ಯುತ್ತನ್ನು ಹರಿಯಗೊಡದು.

ಏನನ್ನು ಚಿತ್ರಿಸಬೇಕು? ೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲು ದುಂಡಗಿದ್ದು, ಎರಡು ಗುಂಡಿಗಳೇ ಕಣ್ಣುಗಳಾಗಿ ಮನುಷ್ಯನ ಮುಖದಂತೆ ಕಾಣುತ್ತಿತ್ತು. ಅದನ್ನೇ ನಕಲು ಮಾಡುವ ಅಗತ್ಯ ನಮಗಿಲ್ಲ. ಮೈಸೂರಿನ ಗಂಜೀಫಾ ಎಲೆಗಳಲ್ಲಿ ಅಂಗೈಯಗಲದ ಜಾಗದೊಳಗೆ ಇಡೀ ಚಿತ್ರವನ್ನು ಅಡಗಿಸುವ ಜಾಣ್ಮೆಯಿದೆ. ಬೀಟೆಮರದಲ್ಲಿ ಬಣ್ಣದ ಮರದ ಚೂರುಗಳನ್ನು ಕೂಡಿಸಿ ಚಿತ್ರ ಬಿಡಿಸುವ ಕಸುಬೂ ಮೈಸೂರಿನದೇ. ಇವಾವುವೂ ಕೈಗೆಟುಕದಿದ್ದರೆ ಮನೆಯ ಅಂಗಳದ ಚುಕ್ಕಿ ರಂಗೋಲಿ ಇದ್ದೇ ಇದೆ. ಚುಕ್ಕಿಗಳಿರುವ ಕಡೆ ಗುಂಡಿಯನ್ನೂ ಸ್ವಿಚ್ಚನ್ನೂ ಕೂರಿಸಿದರೆ ಚಿತ್ರವೂ ಉಪಯೋಗವೂ ಒಂದಾಗುತ್ತವೆ. 'ಒಳಕ್ಕೆ', 'ಹೊರಕ್ಕೆ', 'ಧ್ವನಿ' ಎಂದು ಕನ್ನಡದಲ್ಲಿಯೇ ದಪ್ಪವಾಗಿ ಬರೆಯಿರಿ. ಮಬ್ಬು ಬೆಳಕಿನ ವೇದಿಕೆಯಲ್ಲಿ ನುಡಿಸುವವನಿಗೆ ಓದಲು ಬಾರದ ಅಲಂಕಾರ ಅಲಂಕಾರವಲ್ಲ.

ಇಷ್ಟನ್ನು ಮಾಡಿದ ವಿದ್ಯಾರ್ಥಿಗೆ ಅಂಗಡಿಯ ಪೆಡಲಿಗಿಂತ ಉತ್ತಮವಾದುದು ದೊರೆಯಿತೆಂದು ಹೇಳಲಾಗದು. ಆದರೆ ಅಂಗಡಿಯಲ್ಲಿ ದೊರೆಯದ ಒಂದು ವಸ್ತು ಅವನಿಗೆ ದೊರೆತಿರುತ್ತದೆ. ಡಯೋಡನ್ನು ಬದಲಿಸಿ ನಾದ ಹೇಗೆ ಬದಲಾಯಿತೆಂದು ಅವನು ಕೇಳಿ ನೋಡಬಲ್ಲನು. ಕೆಪಾಸಿಟರನ್ನು ಚಿಕ್ಕದು ಮಾಡಿ ಮಂದ್ರಸ್ವರಗಳು ಕ್ಷೀಣಿಸುವುದನ್ನು ಅರಿಯಬಲ್ಲನು. ಪುಸ್ತಕದಲ್ಲಿ ಓದಿದ ಆವೃತ್ತಿ, ಅಲೆ, ರೋಧ ಎಂಬ ಮಾತುಗಳು ಅವನ ಕಿವಿಗೆ ಕೇಳಿಸತೊಡಗುತ್ತವೆ. ಜಾತ್ರೆಯ ರಾತ್ರಿ ಪೆಟ್ಟಿಗೆ ಮೂಕವಾದರೆ, ನೀಲಗಾರನು ತಂತಿ ಬಿಗಿದುಕೊಳ್ಳುವಂತೆ, ಅವನು ಮುಚ್ಚಳ ತೆರೆದು ಬಿಟ್ಟುಹೋದ ಬೆಸುಗೆಯನ್ನು ತಾನೇ ಹುಡುಕಿಕೊಳ್ಳುತ್ತಾನೆ.